ಬರೆದುಕೊಡುವವರ ಕಾಯಕವೂ ಬರೆಯುವ ಯಂತ್ರವೂ

ಇನ್ನೊಬ್ಬರ ಪರವಾಗಿ ಬರೆದುಕೊಡುವ ವೃತ್ತಿ ನಮ್ಮ ನಾಡಿಗೆ ಹೊಸದಲ್ಲ. ಬಾಗಳಿ, ಕುರುವತ್ತಿ, ಅಂಬಳಿಗಳಂತಹ ನಮ್ಮ ಸೀಮೆಯ ಪುರಾತನ ದೇಗುಲಗಳನ್ನು ಕಂಡವರಿಗೆ, ಕನ್ನಡ ಶಾಸನಗಳ ಪರಿಚಯವಿರುವವರಿಗೆ ಈ ಮಾತು ತಿಳಿದದ್ದೇ ಆಗಿದೆ. ದಾನ ಕೊಟ್ಟವನು ಒಬ್ಬ. ಅವನ ವಂಶವನ್ನೂ ಔದಾರ್ಯವನ್ನೂ ಮಾತುಗಳಲ್ಲಿ ಹೊಂದಿಸಿಕೊಟ್ಟವನು ಮತ್ತೊಬ್ಬ. ಅದನ್ನು ಕಲ್ಲಿನಲ್ಲಿ ಕಂಡರಿಸಿದವನು ಇನ್ನೊಬ್ಬ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ಕಾಣಸಿಗುತ್ತವೆ. ಬರೆದವನು ತನ್ನ ಬರಹಕ್ಕೆ ತಾನೇ ಹೊಣೆ ಎಂಬ ಭಾವವನ್ನು ನಾನು ಆ ಹೆಸರುಗಳಲ್ಲಿ ಕಾಣುತ್ತೇನೆ. ಇಂದು ನೌಕರಿ ಅರಸುವ ತರುಣರಿಗೆ ಬಯೋಡಾಟಾ ಬರೆದುಕೊಡುವವರು ಈ ಸೇನಬೋವರ ಪರಂಪರೆಗೇ ಸೇರಿದವರು. ಕೃತಕ ಬುದ್ಧಿಮತ್ತೆ ಎಂಬ ಹೊಸ ಶಕ್ತಿ ಬಂದಿರುವ ಈ ಕಾಲದಲ್ಲಿ ಅವರ ಗತಿಯೇನು, ಅವರು ಹೇಗೆ ಬದುಕಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡಬಯಸುತ್ತೇನೆ.

ಈ ವಿಷಯ ಕುಟುಂಬಗಳ ಪತ್ರಿಕೆಗೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕುಗಳ ಮನೆಮನೆಯಲ್ಲಿ ಇಂದು ಪದವಿ ಮುಗಿಸಿದ ಮಗನೋ ಮಗಳೋ ಇದ್ದಾರೆ. ಮಳೆಯನ್ನೇ ನಂಬಿದ ಹೊಲದಲ್ಲಿ ಒಬ್ಬರಿಗೇ ಹೊಟ್ಟೆ ತುಂಬುವುದು ಕಷ್ಟವಾಗಿರುವಾಗ, ಅವರೆಲ್ಲ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಬೆಂಗಳೂರಿನ ಕಂಪನಿಗೋ ಸರಕಾರದ ಹುದ್ದೆಗೋ ಅರ್ಜಿ ಹಾಕಲೇಬೇಕು. ಆ ಅರ್ಜಿಯ ಜೊತೆಗೆ ಹೋಗುವ ಎರಡು ಪುಟಗಳೇ ಅಪರಿಚಿತರ ಮುಂದೆ ಆ ಮನೆಯ ಮಗುವನ್ನು ನಿಲ್ಲಿಸುವ ಪುಟಗಳು. ಹೀಗಿರುವಾಗ ಅವನ್ನು ಬರೆಯುವವರು ಯಾರು, ಹೇಗೆ ಬರೆಯುತ್ತಾರೆ ಎಂಬುದು ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯ.

ಯುರೋಪಿನಲ್ಲಿ ಸ್ವವಿವರ ಪತ್ರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಲಿಯೊನಾರ್ಡೊ ಡ ವಿಂಚಿಯಿಂದ ಆರಂಭಿಸುತ್ತಾರೆ. 1482ರ ಸುಮಾರಿಗೆ ಆತ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಬೇಡಿ ಪತ್ರ ಬರೆದನು. ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯುವ ಯಂತ್ರ ಮಾಡಬಲ್ಲೆ ಎಂದು ಒಂದೊಂದಾಗಿ ಎಣಿಸಿ ಹೇಳಿ, ಜಗತ್ತೇ ಮೆಚ್ಚುವ ತನ್ನ ಚಿತ್ರಕಲೆಯನ್ನು ಕೊನೆಗೆ ಸೂಚಿಸಿದ್ದಾನೆ. ಯುದ್ಧದ ಭಯದಲ್ಲಿದ್ದ ಅರಸನಿಗೆ ಮೊದಲು ಬೇಕಾದದ್ದು ಯಾವುದು ಎಂಬುದನ್ನು ಅರಿತು ಬರೆದ ಪತ್ರವದು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಇಂದು ಉಳಿದಿರುವ ಆ ಪತ್ರದ ಕರಡು ಲಿಯೊನಾರ್ಡೊನ ಸ್ವಂತ ಕೈಬರಹದಲ್ಲಿಲ್ಲ. ಅಂತಹ ಮಹಾಪುರುಷನ ಪತ್ರಕ್ಕೂ ಮತ್ತೊಬ್ಬರ ಕೈ ನೆರವಾಯಿತೆಂದ ಮೇಲೆ, ನಮ್ಮ ಹಳ್ಳಿಯ ಹುಡುಗ ಮತ್ತೊಬ್ಬರ ಸಹಾಯ ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಬರೆದುಕೊಡುವ ಕಾಯಕದ ರುಚಿ ನನಗೆ ಹತ್ತಿದ್ದು ಮಠದಲ್ಲಿ. ಎಪ್ಪತ್ತರ ದಶಕದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಅಕ್ಷರ ತಿಳಿಯದ ಭಕ್ತರು ಪತ್ರ ಬರೆಸಿಕೊಳ್ಳಲು ಬರುತ್ತಿದ್ದರು. ದುಡಿಯಲು ಪರಊರಿಗೆ ಹೋದ ಮಗನಿಗೆ ಒಂದು ಕಾರ್ಡು, ತಹಶೀಲ್ದಾರರಿಗೆ ಒಂದು ಅರ್ಜಿ, ಬೀಗರಿಗೆ ಒಂದು ಒಪ್ಪಿಗೆಯ ಪತ್ರ, ಹೀಗೆ ದಿನಕ್ಕೆ ಮೂರು ನಾಲ್ಕು. ನಮಗೆ ವ್ಯಾಕರಣ ಕಲಿಸುತ್ತಿದ್ದ ಶಾಸ್ತ್ರಿಗಳು ಒಂದು ನಿಯಮ ಮಾಡಿದ್ದರು. ಬಂದವರು ಹೇಳುವುದೆಲ್ಲ ಮುಗಿಯುವವರೆಗೆ ಲೇಖನಿ ಮುಟ್ಟಬಾರದು. ಬರೆದಾದ ಮೇಲೆ ಪೂರ್ತಿ ಓದಿ ಹೇಳಬೇಕು. ಅವರು ಹೌದೆಂದ ಬಳಿಕವೇ ವಿಳಾಸ ಬರೆಯಬೇಕು. ಆಗ ಅದು ಕೇವಲ ಶಿಸ್ತೆಂದು ತೋರುತ್ತಿತ್ತು. ಮುಂದೆ ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು, ಊರವರಿಗಾಗಿ ಬಿನ್ನವತ್ತಳೆ, ಲಗ್ನಪತ್ರಿಕೆ, ನೌಕರಿಯ ಅರ್ಜಿಗಳನ್ನು ಬರೆಯುತ್ತ ಬಂದಾಗ, ಆ ವೃತ್ತಿಯ ಸಾರವೆಲ್ಲ ಆ ನಿಯಮದಲ್ಲಿಯೇ ಅಡಗಿದೆ ಎಂಬುದು ಮನವರಿಕೆಯಾಯಿತು.

ಈ ಅವಧಿಯಲ್ಲಿ ಬರೆಯುವ ಸಾಧನಗಳು ಹಲವು ಸಲ ಬದಲಾದವು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಲೆಕ್ಕಪತ್ರ ಬಲ್ಲ ಕೈಗಳು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ತಾಲೂಕು ಕಚೇರಿಯ ಎದುರಿನ ಮರದ ನೆರಳಲ್ಲಿ ಅರ್ಜಿ ಬರೆಯುವವರ ಸಾಲು ಇತ್ತು. ಅನಂತರ ಬೆರಳಚ್ಚು ಯಂತ್ರ ಬಂದಿತು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ ಕನ್ನಡವೂ ಟಕಟಕನೆ ಮೂಡಿತು. ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ ಹುಡುಗರು ಅಂಗಡಿ ತೆರೆದರು. ತರುವಾಯ ಗಣಕಯಂತ್ರ, ಡಿ.ಟಿ.ಪಿ., ಜೆರಾಕ್ಸ್ ಬಂದವು. ಭಾರತದಲ್ಲಿ ಹೆಸರಾದ ಗೋದ್ರೇಜ್ ಸಂಸ್ಥೆಯೇ 2009ರಲ್ಲಿ ಬೆರಳಚ್ಚು ಯಂತ್ರಗಳ ತಯಾರಿಕೆ ನಿಲ್ಲಿಸಿತು. ದಸ್ತಾವೇಜು ಬರಹಗಾರರಿಗೂ ಇದೇ ಪಾಡು. 2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನೋಂದಣಿಗೆ ಬೇಕಾದ ವಿವರಗಳನ್ನು ಪಕ್ಷಗಾರರೇ ಮನೆಯಿಂದ ತುಂಬಲು ದಾರಿಯಾಯಿತು. ಪ್ರತಿಯೊಂದು ತಿರುವಿನಲ್ಲಿಯೂ ಕೈಯ ಚಳಕವನ್ನಷ್ಟೇ ನಂಬಿದವರು ಹಿಂದುಳಿದರು. ಬಂದವರ ಮಾತನ್ನು ಅರಿತು, ಯಾವ ಕಚೇರಿಗೆ ಯಾವ ರೀತಿ ಬರೆದರೆ ಕೆಲಸವಾಗುತ್ತದೆ ಎಂದು ತಿಳಿದವರು ಹೊಸ ಸಾಧನ ಹಿಡಿದು ಮುಂದೆ ನಡೆದರು.

ಈಗ ಬಂದಿರುವ ತಿರುವು ಹಿಂದಿನವುಗಳಿಗಿಂತ ದೊಡ್ಡದು. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿ ಎಂಬುದನ್ನು ಜನರ ಕೈಗಿತ್ತಿತು. ಅದರ ಬೆನ್ನಿಗೇ ಗೂಗಲ್ ಮೊದಲಾದ ಸಂಸ್ಥೆಗಳೂ ಅಂಥವನ್ನು ಹೊರತಂದವು. ಹಿಂದಿನ ಯಂತ್ರಗಳು ನಾವು ಹೇಳಿದ ಅಕ್ಷರವನ್ನು ಒತ್ತುತ್ತಿದ್ದವು. ಇದಾದರೋ ವಾಕ್ಯವನ್ನು ತಾನೇ ರಚಿಸುತ್ತದೆ. ಇದರ ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು: ಮನುಷ್ಯರು ಬರೆದ ಅಪಾರ ಬರಹವನ್ನು ಅದಕ್ಕೆ ಉಣಿಸಲಾಗಿದೆ, ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ವಾಡಿಕೆ ಎಂಬುದನ್ನು ಲೆಕ್ಕಹಾಕಿ ಅದು ಮಾತಿಗೆ ಮಾತು ಪೋಣಿಸುತ್ತದೆ. ಆದಕಾರಣ ಅದರ ಭಾಷೆ ನಯವಾಗಿರುತ್ತದೆ. ಆದರೆ ಪೋಣಿಸಿದ ಮಾತು ನಡೆದದ್ದೋ ನಡೆಯದ್ದೋ ಎಂಬ ಖಾತರಿ ಆ ನಯದಲ್ಲಿಲ್ಲ. ಇಲ್ಲದ್ದನ್ನು ಇದೆಯೆಂದು ಅಷ್ಟೇ ನಯವಾಗಿ ಹೇಳಿಬಿಡುವುದೂ ಉಂಟು.

ಕೂಡ್ಲಿಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಡಿ.ಟಿ.ಪಿ. ಅಂಗಡಿಯಿದೆ. ಇಪ್ಪತ್ತು ವರ್ಷಗಳಿಂದ ಬಯೋಡಾಟಾ, ಅರ್ಜಿ, ವಧೂವರರ ಪರಿಚಯ ಪತ್ರಗಳನ್ನು ಮಾಡಿಕೊಟ್ಟು ಐದು ಜನರ ಸಂಸಾರ ಸಾಗಿಸಿದವನು. ಒಂದು ದಿನ ಮನೆಗೆ ಬಂದು, "ಗುರುಗಳೇ, ಹುಡುಗರು ಈಗ ಬಯೋಡಾಟಾ ಮೊಬೈಲಿನಲ್ಲೇ ಮಾಡಿಕೊಂಡು ಬರುತ್ತಾರೆ. ಎರಡು ಹಾಳೆ ಪ್ರಿಂಟ್ ಕೊಡಿ ಅಂತಾರೆ, ಹೋಗುತ್ತಾರೆ. ಹೊಸ ಮಷೀನಿನ ಸಾಲ ಇನ್ನೂ ಇದೆ. ಅಂಗಡಿ ಮುಚ್ಚಲೋ, ಬೇರೆ ಏನಾದರೂ ಹಿಡಿಯಲೋ, ನೀವೇ ಹೇಳಿರಿ" ಎಂದನು. ಅವನ ಧ್ವನಿಯಲ್ಲಿದ್ದ ಕಳವಳ ನನ್ನನ್ನು ತಟ್ಟಿತು. "ಮುಚ್ಚುವ ಮಾತು ಆಮೇಲೆ ಆಡೋಣಪ್ಪ. ಆ ಹುಡುಗರು ಮಾಡಿಕೊಂಡು ಬಂದ ಹಾಳೆಗಳನ್ನು ಮೊದಲು ನೋಡೋಣ" ಎಂದೆನು.

ಹುಡುಗರ ಒಪ್ಪಿಗೆ ಪಡೆದು ಕೆಲವು ಹಾಳೆಗಳನ್ನು ನಾವಿಬ್ಬರೂ ಕುಳಿತು ಓದಿದೆವು. ಇಂಗ್ಲಿಷು ನಿರ್ದುಷ್ಟವಾಗಿತ್ತು, ನಮ್ಮವನು ಬರೆಯುತ್ತಿದ್ದುದಕ್ಕಿಂತ ಚೆನ್ನಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಹೆಸರೊಂದನ್ನು ತೆಗೆದುಬಿಟ್ಟರೆ ಯಾವುದು ಯಾರದೆಂದು ಹೇಳಲಾಗದಷ್ಟು ಎಲ್ಲವೂ ಒಂದೇ ಅಚ್ಚಿನವು. ಎಲ್ಲರೂ ನಾಯಕತ್ವದ ಗುಣವುಳ್ಳವರು, ಎಲ್ಲರೂ ಶ್ರಮಜೀವಿಗಳು, ಎಲ್ಲರೂ ತಂಡದಲ್ಲಿ ಬೆರೆಯುವವರು. ಒಬ್ಬ ಹುಡುಗನ ಹಾಳೆಯಲ್ಲಿ ದೊಡ್ಡ ಯೋಜನೆಯೊಂದರ ನಿರ್ವಹಣೆ ಮಾಡಿದ್ದಾನೆಂದಿತ್ತು. ವಿಚಾರಿಸಲಾಗಿ, ಕಾಲೇಜಿನಲ್ಲಿ ನಾಲ್ವರು ಸೇರಿ ಬರೆದು ಒಪ್ಪಿಸಿದ ವರದಿ ಅದು. "ಇದರ ಅರ್ಥವೇನಪ್ಪ?" ಎಂದು ಒಂದು ವಾಕ್ಯಕ್ಕೆ ಬೆರಳಿಟ್ಟು ಕೇಳಿದೆ. ಅವನು ತಲೆತಗ್ಗಿಸಿದ. ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂದರೆ ಆ ಹುಡುಗನ ಗತಿಯೇನು? ಅವನು ಸುಳ್ಳುಗಾರನಲ್ಲ, ತನಗೆ ಅರ್ಥವಾಗದ ಭಾಷೆಯಲ್ಲಿ ತನ್ನ ಬಗ್ಗೆ ಯಂತ್ರ ಹೇಳಿದ ಅತಿಶಯೋಕ್ತಿಗೆ ಅವನು ಜವಾಬು ಹೇಳಬೇಕಾಗಿ ಬಂದಿತ್ತು, ಅಷ್ಟೇ.

ಇನ್ನೊಬ್ಬ ಹೆಣ್ಣುಮಗಳ ಹಾಳೆಯಲ್ಲಿ ಅನುಭವದ ಜಾಗ ಖಾಲಿಯಿತ್ತು. "ಏನು ಕೆಲಸ ಮಾಡಿದ್ದೀ ತಾಯಿ?" ಎಂದರೆ, "ಏನೂ ಇಲ್ಲರೀ, ಮನೇಲೇ ಇದ್ದೆ" ಎಂದಳು. ನಿಧಾನವಾಗಿ ಮಾತಾಡಿಸಿದಾಗ, ತಾಯಿಯ ಸ್ತ್ರೀಶಕ್ತಿ ಸಂಘದ ಉಳಿತಾಯ ಮತ್ತು ಸಾಲದ ಪುಸ್ತಕಗಳನ್ನು ನಾಲ್ಕು ವರ್ಷಗಳಿಂದ ಅವಳೇ ಬರೆಯುತ್ತಿದ್ದಳೆಂದೂ, ಬ್ಯಾಂಕಿನ ವ್ಯವಹಾರವೆಲ್ಲ ಅವಳ ಕೈಯಲ್ಲೇ ಇತ್ತೆಂದೂ ತಿಳಿಯಿತು. ಲೆಕ್ಕಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕುವವಳಿಗೆ ಇದಕ್ಕಿಂತ ಬೇರೆ ಯೋಗ್ಯತೆ ಬೇಕೆ? ಹಡಗಲಿಯ ಕಡೆಯ ಒಬ್ಬ ತರುಣ ಹೊಲದ ಮಲ್ಲಿಗೆಯನ್ನು ಹೊತ್ತಿಗೆ ಮುಂಚೆ ಬಿಡಿಸಿ, ತೂಕ ಹಾಕಿಸಿ, ಸಮಯಕ್ಕೆ ಸರಿಯಾಗಿ ಬಸ್ಸಿಗೇರಿಸಿ, ವ್ಯಾಪಾರಿಗಳಿಂದ ಹಣ ವಸೂಲು ಮಾಡುವ ಜವಾಬ್ದಾರಿ ಹೊತ್ತವನು. ಅವನ ಹಾಳೆಯಲ್ಲಿಯೂ ಅದರ ಸುಳಿವಿರಲಿಲ್ಲ. ಸರಕು ಸಾಗಣೆಯ ಕಂಪನಿಗೆ ಅರ್ಜಿ ಹಾಕುತ್ತಿದ್ದ ಅವನಿಗೆ ಅದೂ ಒಂದು ಅನುಭವವೆಂದು ತೋರಿಯೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ತಮ್ಮನ್ನು ತಾವು ಹೊಗಳಿಕೊಳ್ಳಬಾರದೆಂದು ಕಲಿಸಿದ್ದೇವೆ; ಅದು ಒಳ್ಳೆಯ ಸಂಸ್ಕಾರವೇ. ಆದರೆ ಆ ಸಂಕೋಚದಿಂದಾಗಿ ಮಾಡಿದ ಕೆಲಸವೂ ಹೇಳದೆ ಉಳಿಯುತ್ತದೆ. ಹೇಳದ್ದನ್ನು ಯಂತ್ರ ಬರೆಯಲಾರದು. ತನಗೆ ಹೇಳಬೇಕಾದದ್ದೇನೂ ಇಲ್ಲವೆಂದು ನಂಬಿದವರ ಬಾಯಿಂದ ಮಾತು ಹೊರಡಿಸಲು, ಅವರ ಊರು, ಮನೆತನದ ದುಡಿಮೆ, ಮುಖದ ಭಾವ ಬಲ್ಲ ಒಬ್ಬ ಮನುಷ್ಯ ಎದುರಿಗೆ ಕುಳಿತಿರಬೇಕು.

ಸ್ಥಳೀಯ ತಿಳಿವಳಿಕೆಯ ಮಾತೂ ಹೀಗೆಯೇ. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಅದಕ್ಕೆ ಸೇರಿತು. ಹೀಗಾಗಿ ಒಂದೇ ಊರಲ್ಲಿ ಹುಟ್ಟಿ ಬೆಳೆದ ಒಬ್ಬನೇ ಹುಡುಗನ ಪ್ರಮಾಣಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರು ಇರಬಹುದು. ಕೊಟ್ಟೂರಿನವರ ಹಳೆಯ ಕಾಗದಗಳಲ್ಲಿ ಕೂಡ್ಲಿಗಿ ತಾಲೂಕೆಂದಿದ್ದರೆ ಹೊಸವುಗಳಲ್ಲಿ ಕೊಟ್ಟೂರೇ ತಾಲೂಕು. ದೂರದ ಅಧಿಕಾರಿಗೆ ಇದು ಸಂಶಯಕ್ಕೆ ಎಡೆಯಾಗದಂತೆ ಒಂದು ಸಾಲಿನ ವಿವರಣೆ ಕೊಡಬೇಕೆಂದು ಸ್ಥಳೀಯ ಬರಹಗಾರನಿಗೆ ತಾನಾಗಿಯೇ ಹೊಳೆಯುತ್ತದೆ. ಅದೇ ರೀತಿ ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಸೌಲಭ್ಯ ನಮ್ಮ ಭಾಗದವರಿಗಿದೆ. ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಮೀಸಲಾತಿಗಳಿಗೂ ಬೇರೆ ಬೇರೆ ನಮೂನೆಗಳಿವೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಇವು ಕೈಯಲ್ಲಿವೆಯೇ ಎಂದು ಕೇಳದಿದ್ದರೆ, ಬಯೋಡಾಟಾ ಎಷ್ಟು ಸುಂದರವಾಗಿದ್ದರೂ ಫಲವಿಲ್ಲ.

ಇವನ್ನೆಲ್ಲ ವಿಚಾರಮಾಡಿ ನಾನೂ ನನ್ನ ವಿದ್ಯಾರ್ಥಿಯೂ ಅಂಗಡಿಗೆ ಒಂದು ಹೊಸ ಪದ್ಧತಿ ಗೊತ್ತುಮಾಡಿದೆವು. ಈ ವೃತ್ತಿಯಲ್ಲಿರುವ ಇತರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು, ಯಂತ್ರದೊಡನೆ ಹಟ ಬೇಡ. ವ್ಯಾಕರಣ ತಿದ್ದುವುದು, ಇಂಗ್ಲಿಷಿಗೆ ತರುವುದು, ಉದ್ದವಾದದ್ದನ್ನು ಚಿಕ್ಕದಾಗಿಸುವುದು ಇವೆಲ್ಲ ಅದಕ್ಕೆ ಸುಲಭ. ಆ ಕೆಲಸವನ್ನು ಅದರಿಂದಲೇ ಮಾಡಿಸಬೇಕು. ಬರಿಯ ಟೈಪಿಂಗಿನ ಹಣ ಇನ್ನು ಮರಳಿ ಬಾರದು ಎಂಬುದನ್ನು ಧೈರ್ಯವಾಗಿ ಒಪ್ಪಿಕೊಳ್ಳಬೇಕು.

ಎರಡನೆಯದು, ಉಳಿದ ವೇಳೆಯನ್ನು ಪ್ರಶ್ನೆಗಳಿಗೆ ಮೀಸಲಿಡಬೇಕು. ಬಂದವರನ್ನು ಅರ್ಧ ಗಂಟೆ ಕೂರಿಸಿ, ಓದುವಾಗ ಏನು ದುಡಿದೆ, ಯಾವ ಯಂತ್ರ ನಡೆಸಬಲ್ಲೆ, ಯಾರ ಹಣಕ್ಕೆ ಲೆಕ್ಕ ಇಟ್ಟೆ, ಕೆಟ್ಟದ್ದನ್ನು ಹೇಗೆ ಸರಿಪಡಿಸಿದೆ ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಆ ಟಿಪ್ಪಣಿಯನ್ನೇ ಯಂತ್ರಕ್ಕೆ ಕೊಡಬೇಕು; ಇದರಲ್ಲಿ ಇಲ್ಲದ್ದನ್ನು ಸೇರಿಸಕೂಡದೆಂದು ಅದಕ್ಕೆ ಹೇಳಬೇಕು. ಹಾಗೆ ಹೇಳಿದರೂ ಅದು ಸೇರಿಸಬಹುದಾದ್ದರಿಂದ ಮೂರನೆಯ ಹೆಜ್ಜೆ ಬೇಕೇ ಬೇಕು.

ಮೂರನೆಯದು ತಾಳೆ ನೋಡುವುದು. ಹೆಸರು, ಅಂಕ, ವರ್ಷ, ಕೆಲಸದ ಅವಧಿ ಇವನ್ನು ಮೂಲ ಪ್ರಮಾಣಪತ್ರಗಳೊಡನೆ ಒಂದೊಂದಾಗಿ ಹೋಲಿಸಬೇಕು. ಆಧಾರವಿಲ್ಲದ ವಿಶೇಷಣಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬೇಕು. ಗಿರಾಕಿಯೇ ಸುಳ್ಳು ಅನುಭವ ಬರೆಯೆಂದರೂ ಬರೆಯಕೂಡದು.

ನಾಲ್ಕನೆಯದು, ಓದುವವರೂ ಈಗ ಯಂತ್ರಗಳೇ ಎಂಬುದನ್ನು ಮರೆಯಬಾರದು. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ತಂತ್ರಾಂಶವೇ ಮೊದಲು ಜರಡಿ ಹಿಡಿಯುವುದು ಸಾಮಾನ್ಯವಾಗಿದೆ. ಎರಡು ಅಂಕಣದ ವಿನ್ಯಾಸ, ಹೂಬಳ್ಳಿಯ ಅಂಚು, ಚಿತ್ರದೊಳಗೆ ಹುದುಗಿಸಿದ ಅಕ್ಷರ ಇವು ಅದಕ್ಕೆ ಸರಿಯಾಗಿ ಕಾಣದೆ ಹೋಗಬಹುದು. ಸಾದಾ ವಿನ್ಯಾಸ, ಸ್ಪಷ್ಟವಾದ ಶೀರ್ಷಿಕೆ, ಜಾಹೀರಾತಿನಲ್ಲಿ ಕೇಳಿದ ಅರ್ಹತೆ ತನ್ನಲ್ಲಿದ್ದರೆ ಅದೇ ಹೆಸರಿನಿಂದ ನಮೂದಿಸುವುದು ಲೇಸು. ಕನ್ನಡದಲ್ಲಿ ಬರೆಯುವಾಗ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಒತ್ತಿದರೆ ಬೇರೆಯವರ ಗಣಕದಲ್ಲಿ ಅದು ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ, ಯೂನಿಕೋಡಿನಲ್ಲಿಯೇ ಒತ್ತಬೇಕು.

ಐದನೆಯದು, ಓದಿ ಹೇಳುವುದು. ಸಿದ್ಧವಾದ ಹಾಳೆಯನ್ನು ಅಭ್ಯರ್ಥಿಯ ಕೈಗಿತ್ತು, ಪ್ರತಿಯೊಂದು ಸಾಲಿನ ಬಗ್ಗೆಯೂ ಅವನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ನಿಮಿಷ ಮಾತನಾಡಬಲ್ಲನೇ ಎಂದು ನೋಡಬೇಕು. ಮಾತನಾಡಲಾಗದ ಸಾಲನ್ನು ತೆಗೆಯಬೇಕು. ಹೀಗೆ ಮಾಡಿದರೆ ಬಯೋಡಾಟಾದ ಕೆಲಸವೇ ಸಂದರ್ಶನದ ಅಭ್ಯಾಸವೂ ಆಗುತ್ತದೆ. ಮಠದ ಶಾಸ್ತ್ರಿಗಳ ಹಳೆಯ ನಿಯಮ ಈ ಹೊಸ ಕಾಲಕ್ಕೂ ಸಲ್ಲುವುದನ್ನು ಕಂಡು ನನಗೆ ಸಂತೋಷವಾಯಿತು.

ಆರನೆಯದು ಗುಟ್ಟನ್ನು ಕಾಯುವುದು. ಆಧಾರ್ ಸಂಖ್ಯೆ, ಮನೆಯ ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಕಂಡಕಂಡ ಯಂತ್ರಗಳಿಗೆ ಉಣಿಸಬಾರದು. ಅವನ್ನು ಕೊನೆಯಲ್ಲಿ ಕೈಯಿಂದಲೇ ಸೇರಿಸಬೇಕು. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ನಮ್ಮ ಸಂಸತ್ತೇ ಕಾಯ್ದೆ ಮಾಡಿದೆ. ಅಂಗಡಿಯ ಗಣಕದಲ್ಲಿ ಹತ್ತು ವರ್ಷದ ಹಿಂದಿನವರ ಪ್ರಮಾಣಪತ್ರಗಳನ್ನು ರಾಶಿಹಾಕಿಕೊಂಡಿರುವುದು ತರವಲ್ಲ. ಹೆಣ್ಣುಮಕ್ಕಳ ಭಾವಚಿತ್ರ, ಮೊಬೈಲ್ ಸಂಖ್ಯೆಗಳಿರುವ ವಧೂವರರ ಪರಿಚಯ ಪತ್ರಗಳಿಗೆ ಈ ಎಚ್ಚರ ಇಮ್ಮಡಿಯಾಗಿ ಬೇಕು.

ಇಷ್ಟಕ್ಕೆಲ್ಲ ಹಣ ಕೊಡುವವರಾರು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು. ನನ್ನ ವಿದ್ಯಾರ್ಥಿಯೂ ಇದನ್ನೇ ಕೇಳಿದನು. ಬರಿಯ ಮುದ್ರಣಕ್ಕೆ ಬಂದವರಿಗೆ ಮುದ್ರಣದ ದರವನ್ನಷ್ಟೇ ತೆಗೆದುಕೊಳ್ಳುವುದು, ಪ್ರಶ್ನೆ, ತಾಳೆ ಮತ್ತು ಅಭ್ಯಾಸ ಸೇರಿದ ಕೆಲಸಕ್ಕೆ ಬೇರೆ ದರವನ್ನು ಗೋಡೆಯ ಮೇಲೆ ಬರೆದುಹಾಕುವುದು ಎಂದು ನಿಶ್ಚಯಿಸಿದೆವು. ಮೊದಲ ತಿಂಗಳುಗಳಲ್ಲಿ ಹೆಚ್ಚಿನವರು ಮುದ್ರಣ ಮಾಡಿಸಿಕೊಂಡೇ ಹೋದರು. ಅನಂತರ ಸಂದರ್ಶನಕ್ಕೆ ಕರೆ ಬಂದು ಭಯಗೊಂಡವರು ಒಬ್ಬೊಬ್ಬರಾಗಿ ಬರತೊಡಗಿದರು. ಅವರನ್ನು ಕಂಡು ಅವರ ತಮ್ಮ ತಂಗಿಯರು ಬಂದರು. ಅಂಗಡಿಯ ವರಮಾನ ಮೊದಲಿನಷ್ಟಾಗಿದೆಯೆಂದು ಹೇಳಲಾರೆ. ಆದರೆ ಸಾಲದ ಕಂತು ತಪ್ಪಿಲ್ಲ, ಅಂಗಡಿ ಮುಚ್ಚಿಲ್ಲ. ತೀರ ಬಡವರ ಮಕ್ಕಳಿಗೆ ಅವನು ವಾರದಲ್ಲಿ ಒಂದು ಸಂಜೆ ಈ ಸೇವೆಯನ್ನು ಉಚಿತವಾಗಿ ಮಾಡುತ್ತಿದ್ದಾನೆ.

ತಂದೆ ತಾಯಿಗಳಿಗೂ ಒಂದು ಮಾತು. ಮಕ್ಕಳು ಮೊಬೈಲಿನಲ್ಲಿ ಬಯೋಡಾಟಾ ಮಾಡಿಕೊಳ್ಳುವುದನ್ನು ತಡೆಯಬೇಡಿರಿ. ಆ ವಿದ್ಯೆಯೂ ಅವರಿಗೆ ಬೇಕು. ಆದರೆ ಅದನ್ನು ಒಮ್ಮೆ ನಿಮ್ಮ ಮುಂದೆ ಕನ್ನಡದಲ್ಲಿ ಓದಿ ಹೇಳಲು ಕೇಳಿರಿ. ನಿಮಗೆ ಇಂಗ್ಲಿಷು ಬಾರದಿರಬಹುದು. ನಿಮ್ಮ ಮಗ ಏನು ಮಾಡಿದ್ದಾನೆ, ಏನು ಮಾಡಿಲ್ಲ ಎಂಬುದು ಮಾತ್ರ ಯಾವ ಯಂತ್ರಕ್ಕಿಂತಲೂ ನಿಮಗೆ ಚೆನ್ನಾಗಿ ಗೊತ್ತು. ಇಲ್ಲದ್ದು ಸೇರಿದ್ದರೆ ತೆಗೆಸಿರಿ, ಇದ್ದದ್ದು ಬಿಟ್ಟುಹೋಗಿದ್ದರೆ ನೆನಪಿಸಿರಿ.

ಶರಣರು ಕಾಯಕವನ್ನು ಸತ್ಯಶುದ್ಧವಾಗಿರಬೇಕೆಂದು ಬಯಸಿದರು. ಬರೆಯುವ ಕಾಯಕದಲ್ಲಿ ಆ ಶುದ್ಧಿ ಎಂದರೆ ಬರೆದದ್ದಕ್ಕೆ ಹೊಣೆಯಾಗಿ ನಿಲ್ಲುವುದೇ ಅಲ್ಲವೆ? ಯಂತ್ರ ವಾಕ್ಯ ಕೊಟ್ಟೀತು; ಆ ವಾಕ್ಯ ತಪ್ಪಾದಾಗ ಮುಂದೆ ಬಂದು ನಿಂತು ಉತ್ತರ ಹೇಳಲಾರದು. ಕೇಳಿ, ತಾಳೆ ನೋಡಿ, ಓದಿ ಹೇಳಿ, ತಾನು ಬರೆದುಕೊಟ್ಟದ್ದು ದಿಟವೆಂದು ಹೇಳಬಲ್ಲ ಬರಹಗಾರ ಯಾವ ಕಾಲದಲ್ಲಿಯೂ ಬೇಕಾದವನು. ನಮ್ಮ ತಾಲೂಕುಗಳಲ್ಲಿ ಈ ಕಾಯಕ ಹಿಡಿದಿರುವ ಬಂಧುಗಳು ಧೈರ್ಯಗೆಡದೆ ಹೊಸ ಸಾಧನವನ್ನು ಕೈಗೆತ್ತಿಕೊಳ್ಳಲಿ; ಅವರ ಬರಹದಿಂದ ನಮ್ಮ ಮಕ್ಕಳು ಇದ್ದಂತೆಯೇ ಲೋಕಕ್ಕೆ ಪರಿಚಯವಾಗಲಿ ಎಂದು ಹಾರೈಸುತ್ತೇನೆ.